ಸ್ಕ್ರ್ಯಾಬಲ್‌ಗೆ ಮೊದಲು ಕಲಿಯಬೇಕಾದ ಇಂಗ್ಲಿಷ್ ಪದಗಳು ಯಾವುವು?

[ತೆರೆಯ ಮೇಲೆ: ಏಳು ಟೈಲ್‌ಗಳ ರ‍್ಯಾಕ್, ನಡುವೆ ಕ್ಯೂ]

ಸ್ಕ್ರ್ಯಾಬಲ್ ಅಂದರೆ ಅಕ್ಷರದ ಟೈಲ್‌ಗಳನ್ನು ಬೋರ್ಡಿನ ಮೇಲಿಟ್ಟು ಪದ ಕಟ್ಟುವ ಆಟ, ಪ್ರತಿ ಅಕ್ಷರಕ್ಕೂ ಇಂತಿಷ್ಟು ಅಂಕ. ನಿಮ್ಮ ಕೈಗೆ ಕ್ಯೂ ಬಂದಿದೆ, ಯು ಇಲ್ಲ. ಬಹಳ ಜನ ಯು ಬರುವ ತನಕ ಕ್ಯೂವನ್ನು ಹಿಡಿದುಕೊಂಡೇ ಕೂರುತ್ತಾರೆ. ಅಷ್ಟು ಹೊತ್ತೂ ಏಳು ಟೈಲ್ ಬದಲು ಆರರಲ್ಲೇ ಆಡಿದ ಹಾಗೆ. ಕಾಯಬೇಡಿ. ಕ್ಯೂ, ಐ ಎರಡೇ ಅಕ್ಷರ ಸೇರಿದರೂ ಪದವಾಗುತ್ತದೆ. 10 ಮತ್ತು 1, ಒಟ್ಟು 11 ಅಂಕ. ಬೋರ್ಡಿನಲ್ಲಿ ಒಂದು ಐ ಇದ್ದು, ಅದರ ಮೇಲಿನ ಟ್ರಿಪಲ್ ಲೆಟರ್ ಮನೆ, ಅಂದರೆ ಅಕ್ಷರದ ಅಂಕ ಮೂರು ಪಟ್ಟಾಗುವ ಮನೆ, ಖಾಲಿ ಇದೆ ಎನ್ನಿ. ಅಲ್ಲಿ ಕ್ಯೂ ಇಟ್ಟು ಬಲಕ್ಕೆ ನಿಮ್ಮ ಐ ಇಡಿ. ಅಡ್ಡಕ್ಕೆ 31, ಉದ್ದಕ್ಕೆ 31. ಎರಡು ಟೈಲಿಗೆ 62 ಅಂಕ!

ಈ ಪದದ ಅರ್ಥ ಗೊತ್ತಿರಬೇಕೇ? ಬೇಕಿಲ್ಲ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತಾಡಲು ಬಾರದೆಯೇ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದರು. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಅದೇ ಕಥೆ. ಆಟಕ್ಕೆ ಬೇಕಾದ್ದು ಸ್ಪೆಲಿಂಗ್, ಮತ್ತು ಆ ಸ್ಪೆಲಿಂಗ್ ಆಟದಲ್ಲಿ ಒಪ್ಪುವ ಪದಗಳ ಪಟ್ಟಿಯಲ್ಲಿದೆಯೇ ಎಂಬ ಖಾತ್ರಿ.

ಪಟ್ಟಿ ಅಂದೆವಲ್ಲ, ಜಗಳ ಹುಟ್ಟುವುದೇ ಅಲ್ಲಿ. ಅಮೆರಿಕ, ಕೆನಡಾಗಳಲ್ಲಿ ಒಂದು ಪಟ್ಟಿ, ಜಗತ್ತಿನ ಉಳಿದ ಹೆಚ್ಚಿನ ಕಡೆ ನಿಘಂಟು ಪ್ರಕಾಶಕ ಕಾಲಿನ್ಸ್‌ನ ಪಟ್ಟಿ. ಜೆಡ್-ಎ ಎರಡರಲ್ಲೂ ಇದೆ. ಜೆಡ್-ಒ ಕಾಲಿನ್ಸ್‌ನಲ್ಲಿ ಮಾತ್ರ. ಮೊದಲ ಟೈಲ್ ಇಡುವ ಮುಂಚೆಯೇ ಯಾವ ಪಟ್ಟಿ ಎಂದು ಮಾತಾಡಿಕೊಳ್ಳಿ. ಮೊಬೈಲ್ ಆ್ಯಪ್ ಆದರೆ ಸೆಟ್ಟಿಂಗ್ಸ್‌ನಲ್ಲಿ ನೋಡಿ.

[ತೆರೆಯ ಮೇಲೆ: ಎರಡಕ್ಷರದ ಪದಗಳು]

ಕಲಿಕೆ ಶುರುವಾಗಬೇಕಾದ್ದು ಎರಡಕ್ಷರದ ಪದಗಳಿಂದ. ಅಮೆರಿಕದ ಪಟ್ಟಿಯಲ್ಲಿ ಇವು ನೂರಕ್ಕಿಂತ ತುಸು ಹೆಚ್ಚು, ಕಾಲಿನ್ಸ್‌ನಲ್ಲಿ ನೂರಿಪ್ಪತ್ತರ ಮೇಲೆ. ಇವು ಬಂದರೆ ಬೋರ್ಡಿನಲ್ಲಿರುವ ಪದಕ್ಕೆ ಅಂಟಿಕೊಂಡಂತೆ ಇನ್ನೊಂದು ಪದ ಇಡಬಹುದು. ತಾಗುವ ಪ್ರತಿ ಜೋಡಿಗೂ ಬೇರೆ ಅಂಕ ಸಿಗುತ್ತದೆ.

ಅಕಾರಾದಿಯಾಗಿ ಉರು ಹೊಡೆಯಬೇಡಿ, ಭಾರದ, ಅಂದರೆ ಹೆಚ್ಚು ಅಂಕದ ಅಕ್ಷರಗಳಿಂದ ಹಿಡಿಯಿರಿ. ಎಕ್ಸ್‌ಗೆ ಐದು: ಎ-ಎಕ್ಸ್, ಇ-ಎಕ್ಸ್, ಒ-ಎಕ್ಸ್, ಎಕ್ಸ್-ಐ, ಎಕ್ಸ್-ಯು. ಜೆ ಇದ್ದರೆ ಜೆ-ಒ. ಆಮೇಲೆ ಬರೀ ಸ್ವರಗಳವು: ಎ-ಎ, ಎ-ಇ, ಎ-ಐ, ಒ-ಇ, ಒ-ಐ. ಕೈತುಂಬ ಸ್ವರಗಳೇ ತುಂಬಿದಾಗ ಇವೇ ಗತಿ. 100 ಟೈಲ್‌ಗಳಲ್ಲಿ 42 ಸ್ವರಗಳು, ಹಾಗಾಗಿ ಇಂಥ ಸಂಕಟ ಆಗಾಗ ಬಂದೇ ಬರುತ್ತದೆ.

ವಿ ಒಂದು ವಿಚಿತ್ರ ಅಕ್ಷರ. ಎರಡೂ ಪಟ್ಟಿಗಳಲ್ಲಿ ವಿ ಇರುವ ಎರಡಕ್ಷರದ ಪದವೇ ಇಲ್ಲ. ನೀವು ಮುಂದಿದ್ದು ಬೋರ್ಡನ್ನು ಬಿಗಿ ಮಾಡಬೇಕೆಂದಿದ್ದರೆ ವಿ ಇರುವ ಪದ ಇಡಿ. ಆ ವಿಗೆ ತಾಗುವ ಎರಡಕ್ಷರದ ಜೋಡಿ ಕಟ್ಟಲು ಎದುರಾಳಿಗೆ ಆಗುವುದಿಲ್ಲ.

ಯು ಇಲ್ಲದ ಕ್ಯೂ ಪದಗಳು ಇನ್ನೂ ಇವೆ. ಕ್ಯೂ-ಎ-ಟಿ ಒಂದು. ಎಫ್-ಎ-ಕ್ಯೂ-ಐ-ಆರ್, ಅಂದರೆ ನಮ್ಮ ಫಕೀರನೇ. ಟಿ-ಎ-ಎಲ್-ಎ-ಕ್ಯೂ, ತಲಾಖ್. ಉರ್ದು, ಪಾರಸಿ ಪದಗಳು ಕಿವಿಗೆ ಬಿದ್ದು ಬೆಳೆದವರಿಗೆ ಇವು ಪುಕ್ಕಟೆ ಅಂಕ.

[ತೆರೆಯ ಮೇಲೆ: ಅರ್ಥ್ ಪದದ ಮುಂದೆ ಡಿ, ನಂತರ ಎಚ್]

ಮುಂದಿನದು ಕೊಕ್ಕೆ ಅಕ್ಷರಗಳು. ಇದ್ದ ಪದಕ್ಕೆ ಒಂದೇ ಅಕ್ಷರ ಸೇರಿಸಿ ಹೊಸ ಪದ ಮಾಡುವುದು. ಕೊನೆಗೆ ಎಸ್ ಸೇರಿಸುವುದು ಯಾರಿಗೂ ಗೊತ್ತು, ಮುಂದಿನಿಂದ ಸೇರಿಸುವುದು ಹೊಳೆಯುವುದು ಕಷ್ಟ. ಅರ್ಥ್ ಅಂದರೆ ಭೂಮಿ, ಇ-ಎ-ಆರ್-ಟಿ-ಎಚ್. ಅರ್ಥ್‌ಗೆ ಮುಂದೆ ಡಿ ಇಟ್ಟರೆ ಡರ್ಥ್, ಎಚ್ ಇಟ್ಟರೆ ಹಾರ್ಥ್. ಹೋಸ್ಟ್‌ಗೆ ಜಿ ಸೇರಿದರೆ ಘೋಸ್ಟ್. ಉಚ್ಚಾರಣೆ ಬದಲಾಗುವುದರಿಂದ ಕಿವಿಯನ್ನು ನಂಬಿದವರಿಗೆ ಇವು ಕಾಣುವುದೇ ಇಲ್ಲ. ಕಣ್ಣಿನಿಂದ ಕಲಿಯಿರಿ.

ಎಸ್ ಬಗ್ಗೆ ಒಂದು ಎಚ್ಚರಿಕೆ. ಇರುವುದು 4 ಎಸ್, ಮತ್ತೆ ಯಾವ ಅಕ್ಷರವಾಗಿಯೂ ಬಳಸಬಹುದಾದ 2 ಖಾಲಿ ಟೈಲ್. ಎಸ್ ಹಾಕಿದ್ದರಿಂದ ಎಂಟು ಅಂಕವಾದರೂ ಹೆಚ್ಚು ಬರದಿದ್ದರೆ ಅದನ್ನು ಕೈಯಲ್ಲೇ ಇಟ್ಟುಕೊಳ್ಳಿ. ಅದರ ನಿಜವಾದ ಬೆಲೆ ಏಳೂ ಟೈಲ್ ಒಮ್ಮೆಗೇ ಇಟ್ಟು 50 ಅಂಕದ ಬೋನಸ್ ಪಡೆಯುವಾಗ ತಿಳಿಯುತ್ತದೆ.

ಆ ಬೋನಸ್‌ಗೆ ಆಟಗಾರರು ಕಾಪಾಡಿಕೊಳ್ಳುವ ಗುಂಪು ಎಸ್, ಎ, ಟಿ, ಐ, ಎನ್, ಇ. ಈ ಆರಕ್ಕೆ ಬಹುತೇಕ ಯಾವ ಅಕ್ಷರ ಬಂದು ಸೇರಿದರೂ ಏಳಕ್ಷರದ ಪದ ಸಿಗುತ್ತದೆ. ವಿ ಬಂದರೆ ನೇಟಿವ್ಸ್, ಕೆ ಬಂದರೆ ಇನ್‌ಟೇಕ್ಸ್, ಎಮ್ ಬಂದರೆ ಇನ್‌ಮೇಟ್ಸ್, ಎಲ್ ಬಂದರೆ ಎಂಟೇಲ್ಸ್. ಎಲ್ಲವೂ ದಿನಪತ್ರಿಕೆಯಲ್ಲಿ ಕಾಣುವ ಪದಗಳು. ಎಡವುವುದು ಗೊತ್ತಿಲ್ಲದೆ ಅಲ್ಲ, ಅಕ್ಷರಗಳು ಚದುರಿದ್ದಾಗ ಕಾಣದೆ.

ಇನ್ನು ಚಾಲೆಂಜ್, ಅಂದರೆ ಎದುರಾಳಿ ಇಟ್ಟ ಪದ ಪಟ್ಟಿಯಲ್ಲಿಲ್ಲ ಎಂದು ಪ್ರಶ್ನಿಸುವುದು. ಶಾಲೆಯ ವ್ಯಾಕರಣ ಇಲ್ಲಿ ಕೈಕೊಡುತ್ತದೆ. ಅಡ್ವೈಸ್‌ಗೆ ಬಹುವಚನ ಇಲ್ಲ ಎಂದು ಕಲಿತಿರುತ್ತೇವೆ, ಆದರೆ ಅಡ್ವೈಸಸ್ ಪಟ್ಟಿಯಲ್ಲಿದೆ. ಅದನ್ನು ತಪ್ಪೆಂದು ಚಾಲೆಂಜ್ ಮಾಡಿದರೆ ಅಮೆರಿಕದ ಟೂರ್ನಿ ನಿಯಮದಲ್ಲಿ ನಿಮ್ಮ ಸರದಿಯೇ ಹೋಗುತ್ತದೆ. ಅಂತರರಾಷ್ಟ್ರೀಯ ಟೂರ್ನಿಗಳಲ್ಲಿ ಸಾಮಾನ್ಯವಾಗಿ 5 ಅಂಕದ ದಂಡ.

ಅಭ್ಯಾಸಕ್ಕೆ ಹೀಗೆ ಮಾಡಿ. ಕಾರ್ಡಿನ ಒಂದು ಬದಿಗೆ ಪದದ ಅಕ್ಷರಗಳನ್ನು ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿ ಬರೆಯಿರಿ, ಹಿಂಬದಿಗೆ ಉತ್ತರ. ರ‍್ಯಾಕಿನಲ್ಲೂ ಟೈಲ್‌ಗಳನ್ನು ಅದೇ ಕ್ರಮದಲ್ಲಿ ಜೋಡಿಸಿಕೊಂಡರೆ ಕಾರ್ಡಿನಲ್ಲಿ ಕಂಡ ಸಾಲೇ ಕಣ್ಣೆದುರು ಬರುತ್ತದೆ.

[ತೆರೆಯ ಮೇಲೆ: ಎ, ಡಿ, ಇ, ಐ, ಎನ್, ಎಸ್, ಟಿ]

ಈ ಏಳರಲ್ಲಿ ಸಾಮಾನ್ಯ ಪದಗಳೇ ಕನಿಷ್ಠ ಮೂರು ಇವೆ. ವಿಡಿಯೋ ನಿಲ್ಲಿಸಿ ಹುಡುಕಿ.

[ಹತ್ತು ಸೆಕೆಂಡಿನ ನಂತರ: ಇನ್‌ಸ್ಟೆಡ್, ಸ್ಟೇನ್ಡ್, ಡಿಟೇನ್ಸ್]