ಗಂಗೋತ್ರಿ ಪಕ್ಕ ಒಂದು ಮನೆ

ಎಲ್ಲರಿಗೂ ನಮಸ್ಕಾರ.

ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿ, 'ಮನೆ ಕೊಳ್ಳುವ ಬಗ್ಗೆ ಸ್ವಲ್ಪ ಮಾತಾಡಿ ಸಾರ್' ಎಂದಾಗ ನನಗೆ ನಗು ಬಂತು. ನಾನು ವಕೀಲನಲ್ಲ, ಬ್ರೋಕರೂ ಅಲ್ಲ. ಯೂನಿವರ್ಸಿಟಿ ಲೈಬ್ರರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವನು. ಆದರೂ ಒಂದು ಅರ್ಹತೆ ಇದೆ. ಈ ಸುತ್ತಿನಲ್ಲೇ ಒಂದು ಮನೆ ಕೊಳ್ಳಲು ಹೋಗಿ ಕೈ ಸುಟ್ಟುಕೊಂಡಿದ್ದೇನೆ. ಇನ್ನೊಂದನ್ನು ಕೊಂಡು ಅದರಲ್ಲೇ ವಾಸವಾಗಿದ್ದೇನೆ.

ನಮ್ಮ ಮೈಸೂರು ಯೂನಿವರ್ಸಿಟಿ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು ಕುವೆಂಪು. ಊರಿನವರು ಅದನ್ನು ಗಂಗೋತ್ರಿ ಮಾಡಿಕೊಂಡರು. ಬ್ರೋಕರ್‌ಗಳು 'ಗಂಗೋತ್ರಿ ಟಚ್' ಮಾಡಿದರು. ಸರಸ್ವತಿಪುರಂ ಆಗಲಿ, ಜಯಲಕ್ಷ್ಮೀಪುರಂ ಆಗಲಿ, ರಿಂಗ್ ರೋಡ್ ದಾಟಿದ ಬೋಗಾದಿಯ ಸೈಟೇ ಆಗಲಿ, ಎಲ್ಲವೂ ಗಂಗೋತ್ರಿ ಟಚ್. ಕಾರಿನಲ್ಲಿ ಕೂರಿಸಿಕೊಂಡು ಮೊದಲು ಕುಕ್ಕರಹಳ್ಳಿ ಕೆರೆ ಏರಿ ತೋರಿಸುತ್ತಾರೆ. 1864ರಲ್ಲಿ ಕಟ್ಟಿದ ಕೆರೆ, ಬೆಳಗಿನ ವಾಕಿಂಗು, ಹೆಜ್ಜಾರ್ಲೆ ಹಕ್ಕಿಗಳು. ಮನಸ್ಸು ಅಲ್ಲೇ ಅರ್ಧ ಕರಗಿರುತ್ತದೆ. ಆಮೇಲೆ ಮನೆಯ ಗೋಡೆ ಬಿರುಕು ಬಿಟ್ಟಿದ್ದರೂ ಕಣ್ಣಿಗೆ ಕಾಣೋದಿಲ್ಲ.

ಬಿರುಕು ಬಿಡಿ, ಅದನ್ನು ಮೇಸ್ತ್ರಿ ಮುಚ್ಚುತ್ತಾನೆ. ನಾನು ಹೇಳಬೇಕಾಗಿರೋದು ರುಜು ವಿಷಯ.

ಈ ಬಡಾವಣೆಗಳ ಹಳೇ ಮನೆಗಳು ಹುಟ್ಟಿದ ರೀತಿಯನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಮೈಸೂರಿನಲ್ಲಿ 1903ರಲ್ಲೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. 1988ರಲ್ಲಿ ಅದರ ಜಾಗಕ್ಕೆ ಮುಡಾ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರ ಬಂತು. ಮೇಷ್ಟ್ರುಗಳು, ಗುಮಾಸ್ತರು ಟ್ರಸ್ಟ್ ಬೋರ್ಡಿನಿಂದ ಸೈಟು ತೆಗೆದುಕೊಂಡು, ಪ್ರಾವಿಡೆಂಟ್ ಫಂಡ್ ಕರಗಿಸಿ, ಮುಂದೆ ಒಂದು ಕರಿಬೇವು, ಹಿಂದೆ ಒಂದು ತೆಂಗು ಹಾಕಿ ಮನೆ ಕಟ್ಟಿದರು. ಈಗ ಅವರು ಇಲ್ಲ. ಮಕ್ಕಳಲ್ಲಿ ಒಬ್ಬರು ಬೆಂಗಳೂರು, ಒಬ್ಬರು ಅಮೆರಿಕ. ಮನೆ ಮಾರಾಟಕ್ಕಿದೆ. ಅಂದರೆ ನೀವು ಕೊಳ್ಳುತ್ತಿರುವುದು ಕಟ್ಟಿಸಿದವರಿಂದ ಅಲ್ಲ, ಅವರ ವಾರಸುದಾರರಿಂದ. ಎಲ್ಲ ತೊಡಕೂ ಇರೋದು ಅಲ್ಲೇ.

ನನ್ನದೇ ಕತೆ ಹೇಳುತ್ತೇನೆ. 2011ರಲ್ಲಿ ಸರಸ್ವತಿಪುರಂನಲ್ಲಿ ಒಂದು 40-60ರ ಮನೆ ನೋಡಿದೆ. ಇಬ್ಬರು ಅಣ್ಣ ತಮ್ಮಂದಿರು. ಖಾತಾ ಇಬ್ಬರ ಹೆಸರಲ್ಲೂ ಇತ್ತು. ಕಂದಾಯ ಬಾಕಿ ಇಲ್ಲ. ಇ.ಸಿ., ಅಂದರೆ ಋಣಭಾರ ಪತ್ರ ತೆಗೆಸಿದೆ, ನಿಲ್ ಬಂತು. ಇನ್ನೇನು ಬೇಕು? ಅಗ್ರಿಮೆಂಟ್ ಮಾಡಿಕೊಂಡು ಎರಡು ಲಕ್ಷ ಮುಂಗಡ ಕೊಟ್ಟೆ.

ಮರುವಾರ ಹೆಂಡತಿಗೆ ಮನೆ ತೋರಿಸಲು ಹೋಗಿದ್ದೆ. ಗೇಟಿನ ಹತ್ತಿರ ಸೊಪ್ಪು ಮಾರುವ ಅಮ್ಮ ಬುಟ್ಟಿ ಇಳಿಸಿದಳು. 'ಮನೆ ತಗೊಂಡ್ರಾ ಸ್ವಾಮಿ? ಪಾಪ, ಅರಸೀಕೆರೆ ಅಕ್ಕ ಹೆಂಗೆ ಒಪ್ಪಿದ್ರು?' ಎಂದಳು. ಯಾವ ಅಕ್ಕ? 'ಅಯ್ಯೋ, ಮೇಷ್ಟ್ರ ದೊಡ್ಡ ಮಗಳು. ಬಾಣಂತನಕ್ಕೆ ಇಲ್ಲಿಗೇ ಬಂದಿದ್ರಲ್ಲ, ಸಬ್ಸಿಗೆ ಸೊಪ್ಪು ದಿನಾ ನಾನೇ ಕೊಡ್ತಿದ್ದೆ.' ನಾನು ಇ.ಸಿ. ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಕೊನೆಗೆ ಎರಡು ಕಟ್ಟು ದಂಟು ತೆಗೆದುಕೊಂಡೆವು.

ಅಣ್ಣ ತಮ್ಮಂದಿರನ್ನು ಕೇಳಿದರೆ, 'ಅವಳ ಮದುವೆಗೆ ಅಪ್ಪ ಖರ್ಚು ಮಾಡಿದ್ದಾರಲ್ಲ ಸಾರ್' ಅಂದರು. ಮದುವೆ ಊಟಕ್ಕೂ ಆಸ್ತಿ ಹಕ್ಕಿಗೂ ಸಂಬಂಧ ಇಲ್ಲ. ಅಪ್ಪ ಸ್ವಂತ ಸಂಬಳದಲ್ಲಿ ಮಾಡಿದ ಮನೆ, ವಿಲ್ ಬರೆಯದೆ ಹೋಗಿದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಅಪ್ಪನ ತಾಯಿ, ಎಲ್ಲರಿಗೂ ಸಮ ಪಾಲು. ಮದುವೆಯಾಗಿ ಹೋದ ಮಗಳಿಗೂ ಅಷ್ಟೇ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಪಾಲು ಕೊಟ್ಟ ತಿದ್ದುಪಡಿ ದೇಶಕ್ಕೆಲ್ಲ 2005ರಲ್ಲಿ ಬಂತು, ಕರ್ನಾಟಕದಲ್ಲಿ 1994ರಲ್ಲೇ ಬಂದಿತ್ತು. ಜನ ಇವೆರಡನ್ನೂ ಕಲಸಿಕೊಂಡು, 'ಅಪ್ಪ 2005ಕ್ಕಿಂತ ಮುಂಚೆ ಹೋದರು, ಹಾಗಾಗಿ ಅಕ್ಕನಿಗೆ ಇಲ್ಲ' ಎಂದು ವಾದ ಮಾಡುತ್ತಾರೆ. ಅಪ್ಪನ ಸ್ವಯಾರ್ಜಿತಕ್ಕೆ ಆ ಲೆಕ್ಕ ನಡೆಯೋದಿಲ್ಲ.

ಆ ಅಕ್ಕ ರುಜು ಹಾಕಲು ಒಪ್ಪಲಿಲ್ಲ. ಸರಿಯಾಗೇ ಮಾಡಿದರು. ನನ್ನ ಮುಂಗಡ ವಾಪಸ್ ಬರಲು ಹನ್ನೊಂದು ತಿಂಗಳು ಹಿಡಿಯಿತು, ಅದೂ ಕಂತಿನಲ್ಲಿ.

ಹಾಗಾದರೆ ಇ.ಸಿ. ಸುಳ್ಳು ಹೇಳಿತಾ? ಇಲ್ಲ. ಅದರಲ್ಲಿ ಬರೋದು ರಿಜಿಸ್ಟರ್ ಆದ ವ್ಯವಹಾರ ಮಾತ್ರ. ಸಾವಿನಿಂದ ಬಂದ ಹಕ್ಕನ್ನು ಯಾರೂ ರಿಜಿಸ್ಟರ್ ಮಾಡಿಸೋದಿಲ್ಲವಲ್ಲ. 2004ರಿಂದ ಈಚಿನದು ಕಾವೇರಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಅದನ್ನಷ್ಟೇ ನೋಡಿ ಸುಮ್ಮನಾಗಬೇಡಿ. ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಜಿ ಕೊಡಿ. ಇನ್ನು ಖಾತಾ ಹೇಳೋದು ಕಂದಾಯ ಕಟ್ಟುವವರು ಯಾರು ಅಂತ ಅಷ್ಟೇ, ಅದು ಹಕ್ಕಿನ ಪತ್ರ ಅಲ್ಲ. ವಂಶವೃಕ್ಷ ಕೇಳಿ. ಆದರೆ ಅದೂ ಮನೆಯವರು ಬರೆದುಕೊಟ್ಟಿದ್ದನ್ನು ನಂಬಿ ತಯಾರಾಗುವ ಕಾಗದ. ಆದ್ದರಿಂದ ಬೀದಿಯಲ್ಲೂ ಒಂದು ಮಾತು ವಿಚಾರಿಸಿ. ಇಸ್ತ್ರಿ ಅಂಗಡಿ, ಹಾಲಿನವರು, ಸೊಪ್ಪಿನಮ್ಮ.

ಅಮೆರಿಕದ ಮಗನ ವಿಷಯಕ್ಕೆ ಬರೋಣ. ಅವರು ಜಿಪಿಎ, ಅಂದರೆ ಜನರಲ್ ಪವರ್ ಆಫ್ ಅಟಾರ್ನಿ ಕಳಿಸುತ್ತಾರೆ. ಅವರ ಪರವಾಗಿ ಕ್ರಯಪತ್ರಕ್ಕೆ ರುಜು ಹಾಕಲು ಅದು ನಡೆಯುತ್ತದೆ. ಜಿಪಿಎಯನ್ನೇ ಕ್ರಯ ಅಂದುಕೊಂಡರೆ ಕೆಟ್ಟಿರಿ, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟವಾಗಿ ಹೇಳಿದೆ. ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮನೆ ಬೆಲೆ 50 ಲಕ್ಷ ಅಥವಾ ಜಾಸ್ತಿ ಇದ್ದರೆ ಕೊಳ್ಳುವವರೇ ಕೊಡುವ ಹಣದಲ್ಲಿ 1% ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಮಾರುವವರು ಎನ್‌ಆರ್‌ಐ ಆದರೆ ಹಿಡಿಯಬೇಕಾದ್ದು ಇದಕ್ಕಿಂತ ತುಂಬಾ ಜಾಸ್ತಿ, 50 ಲಕ್ಷದ ಮಿತಿಯೂ ಇಲ್ಲ. ಹಿಡಿಯದಿದ್ದರೆ ನೋಟಿಸ್ ಬರೋದು ನಿಮಗೆ, ಅವರಿಗಲ್ಲ. ಅಗ್ರಿಮೆಂಟಿಗೆ ಮೊದಲೇ ಆಡಿಟರ್ ಹತ್ತಿರ ಹೋಗಿ.

ಖರ್ಚಿನ ಲೆಕ್ಕ ಬೇಗ ಮುಗಿಸುತ್ತೇನೆ. ಸ್ಟ್ಯಾಂಪ್ ಡ್ಯೂಟಿ 5%, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ರಿಜಿಸ್ಟ್ರೇಷನ್ ಫೀಸು 1% ಇದ್ದದ್ದು 2025ರ ಆಗಸ್ಟ್ ಕೊನೆಯಿಂದ 2% ಆಗಿದೆ. ಒಂದು ಕೋಟಿಯ ಮನೆಗೆ ಏಳೂವರೆ ಲಕ್ಷದ ಮೇಲೆ ಬೇರೆ ಎತ್ತಿಡಿ.

ಕೊನೆಗೆ ಬೀದಿ. ಕ್ಯಾಂಪಸ್ ಪಕ್ಕದ ಬೀದಿಗೆ ಎರಡು ಮುಖ. ರಜೆಯಲ್ಲಿ ನೋಡಿದರೆ ಆಶ್ರಮ. ಅದೇ ಬೀದಿಗೆ ಕ್ಲಾಸು ನಡೆಯುವಾಗ ರಾತ್ರಿ ಎಂಟಕ್ಕೆ ಹೋಗಿ ನೋಡಿ. ಗೇಟಿಗೆ ಅಡ್ಡ ಸ್ಕೂಟರ್, ಕಾಂಪೌಂಡ್ ಮೇಲೆ ಟೀ ಲೋಟ, ಮಹಡಿಯಲ್ಲಿ ಯಾರದೋ ಹುಟ್ಟುಹಬ್ಬ. ನನಗೆ ಹುಡುಗರ ಮೇಲೆ ಕೋಪ ಇಲ್ಲ, ಜೀವನವೆಲ್ಲ ಅವರಿಗೇ ಪುಸ್ತಕ ಕೊಟ್ಟವನು. ಆದರೆ ನೀರು ಇರೋದು ಅಷ್ಟೇ ಅಲ್ವಾ? ಎರಡು ಕುಟುಂಬಕ್ಕೆ ಹಾಕಿದ ಪೈಪಿನಲ್ಲಿ ಇಪ್ಪತ್ತು ಜನ ಸ್ನಾನ ಮಾಡಿದರೆ ಬೇಸಿಗೆಯಲ್ಲಿ ಪಕ್ಕದ ಮನೆ ಸಂಪಿನ ಗತಿ ಏನು?

ಹುಡುಗರನ್ನು ಬಾಡಿಗೆಗೆ ಇಟ್ಟುಕೊಳ್ಳುವ ಮನೆಗಳಲ್ಲಿ ಬೋರ್ಡ್ ಹಾಕದ ಪಿ.ಜಿ.ಗಳೇ ಜಾಸ್ತಿ. ಗುರುತು ಹಿಡಿಯಲು ನನ್ನ ಉಪಾಯ ಇಷ್ಟೇ. ತಲೆ ಎತ್ತಿ ಸುತ್ತಲ ತಾರಸಿಗಳ ಮೇಲೆ ಸಿಂಟೆಕ್ಸ್ ನೀರಿನ ಟ್ಯಾಂಕ್ ಎಣಿಸಿ. ಒಂದೋ ಎರಡೋ ಇದ್ದರೆ ಸಂಸಾರ. ನಾಲ್ಕೈದು ಇದ್ದು, ಒಣಹಾಕಿದ ಬಟ್ಟೆಯಲ್ಲಿ ಒಂದೂ ಸೀರೆ ಇಲ್ಲದಿದ್ದರೆ ಪಿ.ಜಿ.

ನಾನು ಈಗಿರುವ ಮನೆ ಕೊಂಡಾಗ ಹಾಗೇ ಎಣಿಸಿದ್ದೆ. ಎದುರು ಮನೆಯದು ಒಂದು, ಪಕ್ಕದ್ದು ಎರಡು. ಖುಷಿಯಾಯಿತು. ಕ್ರಯಪತ್ರಕ್ಕೆ ಐದು ಜನ ರುಜು ಹಾಕಿದರು, ಅದರಲ್ಲಿ ಮೂವರು ಹೆಣ್ಣುಮಕ್ಕಳು. ಈಗ ಎದುರು ಮನೆ ಮೇಲೆ ಆರು ಟ್ಯಾಂಕ್ ಇವೆ. ನಮ್ಮ ಮನೆ ಮೇಲೆ ಮೂರು. ಮಹಡಿಯಲ್ಲಿ ನಾಲ್ಕು ಜನ ಎಂ.ಎಸ್ಸಿ. ಹುಡುಗಿಯರು ಬಾಡಿಗೆಗೆ ಇದ್ದಾರೆ.