ವಿಶ್ವಕಪ್‌ಗೆ ಆರು ದಾರಿ

ಎಲ್ಲರಿಗೂ ನಮಸ್ಕಾರ.

ಫುಟ್‌ಬಾಲ್ ವಿಶ್ವಕಪ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕೊನೆಯ ಒಂದು ತಿಂಗಳು. ನಿದ್ದೆಗೆಟ್ಟು ನೋಡುವ ಪಂದ್ಯಗಳು, ಮೆಸ್ಸಿ, ಎಂಬಾಪೆ, ಪೆನಾಲ್ಟಿ ಶೂಟೌಟ್. ಆದರೆ ಅದಕ್ಕೂ ಮುಂಚೆ ಎರಡು ಮೂರು ವರ್ಷ ಅದಕ್ಕಿಂತ ದೊಡ್ಡ ಟೂರ್ನಿಯೊಂದು ನಡೆದಿರುತ್ತದೆ. ಅದೇ ಅರ್ಹತಾ ಸುತ್ತು. ವಿಶ್ವ ಫುಟ್‌ಬಾಲ್ ನಡೆಸುವ ಫಿಫಾ ಸಂಸ್ಥೆಯಲ್ಲಿ 211 ಸದಸ್ಯರಿದ್ದಾರೆ. ವಿಶ್ವಸಂಸ್ಥೆಯಲ್ಲೇ ಇರುವುದು 193 ದೇಶ. ಈ 211ರಲ್ಲಿ ಹೆಚ್ಚಿನವರ ಪಾಲಿಗೆ ಅರ್ಹತಾ ಸುತ್ತೇ ವಿಶ್ವಕಪ್. ನಮ್ಮ ಪಾಲಿಗೂ ಅಷ್ಟೇ. ಅದರ ಲೆಕ್ಕ ಗೊತ್ತಿಲ್ಲದೆ ‘ಭಾರತ ಯಾಕೆ ವಿಶ್ವಕಪ್ ಆಡಲ್ಲ’ ಅಂತ ಸುಮ್ನೆ ಕೇಳುತ್ತಾ ಕೂತರೆ ಉತ್ತರ ಸಿಗುವುದಿಲ್ಲ. ಇವತ್ತು ಆ ಲೆಕ್ಕವನ್ನೇ ಬಿಡಿಸಿ ನೋಡೋಣ.

1930ರ ಮೊದಲ ವಿಶ್ವಕಪ್‌ಗೆ ಅರ್ಹತಾ ಸುತ್ತೇ ಇರಲಿಲ್ಲ. ಉರುಗ್ವೆ ಕರೆಯಿತು, 13 ತಂಡ ಸೇರಿದವು, ಆಡಿದವು. 1934ರ ಹೊತ್ತಿಗೆ ಆಡುತ್ತೇವೆ ಅನ್ನುವವರು ಜಾಸ್ತಿಯಾದರು. ಜಾಗ ಇದ್ದದ್ದು 16. ಹಾಗಾಗಿ ಮೊದಲೇ ಸೋಸುವ ಪದ್ಧತಿ ಬಂತು. ಆ ಸಲ ಆತಿಥೇಯ ಇಟಲಿಗೂ ವಿನಾಯಿತಿ ಇರಲಿಲ್ಲ. ಗ್ರೀಸ್ ವಿರುದ್ಧ ಗೆದ್ದು ತನ್ನದೇ ಟೂರ್ನಿಯೊಳಗೆ ಬಂತು, ಕೊನೆಗೆ ಕಪ್ಪನ್ನೂ ಗೆದ್ದಿತು. ಮುಂದೆ ತಂಡಗಳ ಸಂಖ್ಯೆ 1982ರಲ್ಲಿ 24 ಆಯಿತು, 1998ರಲ್ಲಿ 32, 2026ಕ್ಕೆ 48.

1950ರ ವಿಷಯ ನೀವು ಕೇಳಿಯೇ ಕೇಳುತ್ತೀರಿ. ಆ ಸಲ ಭಾರತದ ಗುಂಪಿನಲ್ಲಿದ್ದ ಬರ್ಮಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಮೂರೂ ಹಿಂದೆ ಸರಿದವು. ಒಂದೂ ಪಂದ್ಯ ಆಡದೆ ನಮಗೆ ಸ್ಥಾನ ಸಿಕ್ಕಿತು. ಆದರೆ ನಾವು ಬ್ರೆಜಿಲ್‌ಗೆ ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲ, ಅದಕ್ಕೇ ಹೋಗಲಿಲ್ಲ ಅನ್ನುವ ಕತೆ ಬಹಳ ಓಡಾಡಿದೆ. ನಾನು ಅದನ್ನು ಒಪ್ಪುವುದಿಲ್ಲ. ಆಗ ನಮ್ಮವರಿಗೆ ಒಲಿಂಪಿಕ್ಸೇ ದೊಡ್ಡದಾಗಿತ್ತು, ವಿಶ್ವಕಪ್‌ನ ಬೆಲೆ ಗೊತ್ತಿರಲಿಲ್ಲ. ಬರಿಗಾಲಿನ ಕತೆ ಹೇಳಿಕೊಂಡು ನಾವು ಆ ತಪ್ಪನ್ನು ಮುಚ್ಚಿಕೊಳ್ಳುವುದು ಬೇಡ.

ಈಗ ಮುಖ್ಯ ವಿಷಯ. ವಿಶ್ವಕಪ್‌ಗೆ ಒಂದೇ ಅರ್ಹತಾ ಪರೀಕ್ಷೆ ಇಲ್ಲ, ಆರು ಇವೆ. ಯುರೋಪ್, ದಕ್ಷಿಣ ಅಮೆರಿಕ, ಆಫ್ರಿಕಾ, ಏಷ್ಯಾ, ಉತ್ತರ ಮತ್ತು ಮಧ್ಯ ಅಮೆರಿಕ–ಕೆರಿಬಿಯನ್, ಪೆಸಿಫಿಕ್ ದ್ವೀಪಗಳ ಓಷಿಯಾನಿಯಾ. ಪ್ರತಿಯೊಂದಕ್ಕೂ ಅದರದೇ ಒಕ್ಕೂಟ, ಅದರದೇ ನಿಯಮ. 2026ಕ್ಕೆ ನೇರ ಸ್ಥಾನಗಳನ್ನು ಹಂಚಿದ್ದು ಹೀಗೆ: ಯುರೋಪಿಗೆ 16, ಆಫ್ರಿಕಾಕ್ಕೆ 9, ಏಷ್ಯಾಕ್ಕೆ 8, ದಕ್ಷಿಣ ಅಮೆರಿಕಕ್ಕೆ 6, ಓಷಿಯಾನಿಯಾಕ್ಕೆ 1. ಅಮೆರಿಕ, ಮೆಕ್ಸಿಕೊ, ಕೆನಡಾ ಆತಿಥೇಯರಾದ್ದರಿಂದ ನೇರ ಪ್ರವೇಶ, ಅವರ ಭಾಗಕ್ಕೆ ಇನ್ನೂ 3. ಇಷ್ಟಾದರೆ 46. ಉಳಿದ ಎರಡಕ್ಕೆ ಖಂಡಗಳ ನಡುವಿನ ಪ್ಲೇಆಫ್, ಅಂದರೆ ನೇರ ಸ್ಥಾನ ಸಿಗದವರಿಗೆ ಕೊನೆಯ ಅವಕಾಶದ ಪಂದ್ಯಗಳು. ಅದರಲ್ಲಿ ಆರು ತಂಡ ಆಡುತ್ತವೆ, ಯುರೋಪಿನವರು ಇರುವುದಿಲ್ಲ.

ಈ ಹಂಚಿಕೆ ಸುಮ್ಮನೆ ಬಂದದ್ದಲ್ಲ, ಜಗಳ ಮಾಡಿ ಪಡೆದದ್ದು. 1966ರ ವಿಶ್ವಕಪ್‌ಗೆ ಆಫ್ರಿಕಾ, ಏಷ್ಯಾ, ಓಷಿಯಾನಿಯಾ ಮೂರಕ್ಕೂ ಸೇರಿ ಫಿಫಾ ಕೊಟ್ಟಿದ್ದು ಒಂದೇ ಒಂದು ಸ್ಥಾನ. ಆಫ್ರಿಕಾದಲ್ಲಿ ಆಗ ದೇಶದ ಮೇಲೆ ದೇಶ ಸ್ವತಂತ್ರವಾಗುತ್ತಿತ್ತು. ಇಡೀ ಖಂಡದ ಚಾಂಪಿಯನ್ ಆದ ತಂಡವೂ ವಿಶ್ವಕಪ್‌ಗೆ ಹೋಗಲು ಇನ್ನೊಂದು ಖಂಡದ ಎದುರು ಆಡಬೇಕು ಅಂದರೆ ಅವರು ಹೇಗೆ ಒಪ್ಪುತ್ತಾರೆ? ಘಾನಾದ ನೇತೃತ್ವದಲ್ಲಿ ಆಫ್ರಿಕಾದ ತಂಡಗಳು ಒಟ್ಟಾಗಿ ಹೊರನಡೆದವು. ಕೊನೆಗೆ ಉಳಿದದ್ದು ಉತ್ತರ ಕೊರಿಯಾ ಮತ್ತು ಆಸ್ಟ್ರೇಲಿಯಾ. ಎರಡೂ ಪಂದ್ಯ ಕಾಂಬೋಡಿಯಾದ ನಾಮ್ ಪೆನ್‌ನಲ್ಲಿ ನಡೆದವು, ಕೊರಿಯಾ ಎರಡನ್ನೂ ಗೆದ್ದಿತು. ಅದೇ ಕೊರಿಯಾ ಇಂಗ್ಲೆಂಡಿಗೆ ಹೋಗಿ ಇಟಲಿಯನ್ನು ಸೋಲಿಸಿ ಮನೆಗೆ ಕಳಿಸಿತು. ‘ಆ ಕಡೆಯವರಿಗೆ ಆಟ ಬರಲ್ಲ, ಒಂದು ಸೀಟು ಸಾಕು’ ಅನ್ನುವ ವಾದಕ್ಕೆ ಇದಕ್ಕಿಂತ ಉತ್ತರ ಬೇಕಾ? 1970ರಿಂದ ಆಫ್ರಿಕಾಕ್ಕೆ ತನ್ನದೇ ಸ್ಥಾನ ಸಿಕ್ಕಿತು. ಆಗ ಒಂದು, ಈಗ ಒಂಬತ್ತು.

48 ತಂಡ ಆಗಿದ್ದರಿಂದ ವಿಶ್ವಕಪ್‌ನ ಗುಣಮಟ್ಟ ಇಳಿಯಿತು ಅಂತ ಹಲವರು ಬೇಜಾರು ಮಾಡಿಕೊಳ್ಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಕೇಪ್ ವರ್ಡೆ ಅರ್ಹತೆ ಪಡೆಯಿತು. ಅಟ್ಲಾಂಟಿಕ್ ಸಾಗರದ ಈ ದ್ವೀಪದೇಶದ ಜನಸಂಖ್ಯೆ ಸುಮಾರು 5 ಲಕ್ಷ. ಇವರು ತಮ್ಮ ಗುಂಪಿನಲ್ಲಿ ಹಿಂದೆ ಹಾಕಿದ್ದು ಎಂಟು ವಿಶ್ವಕಪ್ ಆಡಿದ ಕ್ಯಾಮರೂನ್ ತಂಡವನ್ನು. ಅದರ ಮುಂದಿನ ತಿಂಗಳು ಕೆರಿಬಿಯನ್ ದ್ವೀಪ ಕುರಸಾವ್ ಕಿಂಗ್‌ಸ್ಟನ್‌ಗೆ ಹೋಗಿ ಜಮೈಕಾ ಜೊತೆ 0–0 ಡ್ರಾ ಮಾಡಿಕೊಂಡು ಒಳಗೆ ಬಂತು. ಕುರಸಾವ್‌ನಲ್ಲಿರುವುದು ಒಂದೂವರೆ ಲಕ್ಷದಷ್ಟು ಜನ. ವಿಶ್ವಕಪ್‌ಗೆ ಬಂದ ದೇಶಗಳಲ್ಲಿ ಅತಿ ಚಿಕ್ಕದು ಇದೇ. ಅದೇ ದಿನ ಅರ್ಹತೆ ಪಡೆದ ಹೈಟಿ 1974ರ ನಂತರ ಮೊದಲ ಸಲ ಬಂದಿದೆ. ದೇಶದೊಳಗಿನ ಹಿಂಸೆಯಿಂದಾಗಿ ಅದಕ್ಕೆ ತನ್ನ ನೆಲದಲ್ಲಿ ಒಂದೂ ಪಂದ್ಯ ಆಡಲು ಆಗಿರಲಿಲ್ಲ. ‘ತವರಿನ’ ಪಂದ್ಯಗಳನ್ನೂ ಪರದೇಶದಲ್ಲೇ ಆಡಿತು. ಇಂಥವರಿಗೆ ಬಾಗಿಲು ತೆರೆದಿದ್ದು ತಪ್ಪು ಅಂತ ನಾನಂತೂ ಹೇಳಲಾರೆ.

ಇನ್ನು ಒಂದೊಂದು ದಾರಿಯ ಸ್ವಭಾವ ಒಂದೊಂದು. ದಕ್ಷಿಣ ಅಮೆರಿಕದ್ದು ಎಲ್ಲಕ್ಕಿಂತ ಸರಳ, ಎಲ್ಲಕ್ಕಿಂತ ಕಠಿಣ. ಹತ್ತು ತಂಡ, ಎಲ್ಲರ ಮೇಲೂ ಎರಡು ಸಲ, ಒಟ್ಟು 18 ಪಂದ್ಯ. ಗುಂಪು ಗುಂಪಾಗಿ ಒಡೆಯುವುದಿಲ್ಲ, ಹಾಗಾಗಿ ಚೀಟಿ ಎತ್ತಿದಾಗ ಸುಲಭದ ಗುಂಪು ಸಿಕ್ಕಿತು ಅನ್ನುವ ಮಾತೇ ಬರುವುದಿಲ್ಲ. ಅಲ್ಲಿ ನೆಲವೂ ಆಡುತ್ತದೆ. ಬೊಲಿವಿಯಾದ ಲಾ ಪಾಜ್ ಸಮುದ್ರಮಟ್ಟದಿಂದ 3,600 ಮೀಟರ್ ಎತ್ತರದಲ್ಲಿದೆ. 2009ರಲ್ಲಿ ಮರಡೋನಾ ತರಬೇತಿಯ ಅರ್ಜೆಂಟೀನಾ ಅಲ್ಲಿ 6–1ರಿಂದ ಸೋತಿತು. ತಂಡದಲ್ಲಿ ಮೆಸ್ಸಿ ಇದ್ದರು. ಈಗ ಬೊಲಿವಿಯಾ ಇನ್ನೂ ಮೇಲೆ, 4,000 ಮೀಟರ್ ದಾಟಿದ ಎಲ್ ಆಲ್ಟೊದಲ್ಲಿ ಆಡುತ್ತಿದೆ. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲೇ ಬ್ರೆಜಿಲ್ ಅನ್ನು 1–0ರಿಂದ ಸೋಲಿಸಿ ಏಳನೇ ಸ್ಥಾನ ಹಿಡಿದು ಪ್ಲೇಆಫ್‌ಗೆ ಹೋಯಿತು.

ಯುರೋಪಿನಲ್ಲಿ ಸ್ಥಾನ ಜಾಸ್ತಿ, ಆದರೆ ಕ್ಷಮೆ ಕಡಿಮೆ. ಗುಂಪಿನಲ್ಲಿ ಮೊದಲು ಬಂದವರಿಗಷ್ಟೇ ನೇರ ಪ್ರವೇಶ. ಎರಡನೆಯವರು ಪ್ಲೇಆಫ್‌ಗೆ ಹೋಗಬೇಕು, ಅಲ್ಲಿ ಒಂದು ಕೆಟ್ಟ ರಾತ್ರಿ ಬಂದರೆ ಮುಗಿಯಿತು. ನಾಲ್ಕು ಸಲ ವಿಶ್ವಕಪ್ ಗೆದ್ದ ಇಟಲಿ 2018ಕ್ಕೆ ಸ್ವೀಡನ್ ಎದುರು ಸೋತು ಹೊರಗುಳಿಯಿತು. 2021ರ ಜುಲೈನಲ್ಲಿ ಯುರೋ ಕಪ್ ಗೆದ್ದ ಅದೇ ಇಟಲಿ, 2022ರ ಮಾರ್ಚ್‌ನಲ್ಲಿ ಪಲೆರ್ಮೊದಲ್ಲಿ ಉತ್ತರ ಮ್ಯಾಸಿಡೋನಿಯಾಗೆ 1–0ರಿಂದ ಸೋತು ಮತ್ತೆ ಹೊರಗುಳಿಯಿತು.

ಓಷಿಯಾನಿಯಾದ ಬಗ್ಗೆ ಒಂದೇ ಮಾತು. 2001ರಲ್ಲಿ ಆಸ್ಟ್ರೇಲಿಯಾ ಅಮೆರಿಕನ್ ಸಮೋವಾವನ್ನು 31–0ರಿಂದ ಸೋಲಿಸಿತು. ಅಮೆರಿಕನ್ ಸಮೋವಾದ ಬಹುಪಾಲು ಆಟಗಾರರಿಗೆ ಪಾಸ್‌ಪೋರ್ಟ್ ತೊಂದರೆಯಾಗಿ, ಎಳೆಯ ಹುಡುಗರನ್ನು ಕಟ್ಟಿಕೊಂಡು ಬಂದಿದ್ದರು. ಅಷ್ಟು ಗೋಲು ಹೊಡೆದರೂ ಆಸ್ಟ್ರೇಲಿಯಾ ಆ ಸಲ ವಿಶ್ವಕಪ್‌ಗೆ ಹೋಗಲಿಲ್ಲ, ಪ್ಲೇಆಫ್‌ನಲ್ಲಿ ಉರುಗ್ವೆಗೆ ಸೋತಿತು. ಗಟ್ಟಿ ಎದುರಾಳಿಗಳು ಬೇಕೆಂದೇ 2006ರಲ್ಲಿ ಅವರು ಏಷ್ಯಾ ಒಕ್ಕೂಟಕ್ಕೆ ಬಂದರು.

ಹೀಗೆ ನಮ್ಮ ದಾರಿಗೆ ಬಂದೆವು. ಏಷ್ಯಾದ ದಾರಿ ಉದ್ದ. 2026ಕ್ಕೆ ಐದು ಸುತ್ತು ಇದ್ದವು. ರ‍್ಯಾಂಕಿಂಗ್‌ನಲ್ಲಿ ಕೆಳಗಿರುವವರು ಮೊದಲ ಸುತ್ತು ಆಡಿ ಬರುತ್ತಾರೆ. ಎರಡನೇ ಸುತ್ತಿನಲ್ಲಿ 36 ತಂಡ, ಒಂಬತ್ತು ಗುಂಪು, ಪ್ರತಿ ಗುಂಪಿನಿಂದ ಇಬ್ಬರು ಮೇಲಕ್ಕೆ. ಮೂರನೇ ಸುತ್ತಿನಲ್ಲಿ 18 ತಂಡ, ಮೂರು ಗುಂಪು. ಮೊದಲ ಎರಡು ಸ್ಥಾನದವರಿಗೆ ವಿಶ್ವಕಪ್. ಮೂರು, ನಾಲ್ಕನೆಯವರಿಗೆ ನಾಲ್ಕನೇ ಸುತ್ತಿನಲ್ಲಿ ಇನ್ನೊಂದು ಅವಕಾಶ, ಅಲ್ಲೂ ತಪ್ಪಿದವರಲ್ಲಿ ಇಬ್ಬರಿಗೆ ಐದನೆಯದು.

ಈ ದಾರಿಯಲ್ಲಿ ಉಜ್ಬೇಕಿಸ್ತಾನ ಪಟ್ಟ ಪಾಡನ್ನು ನಾನು ಹೇಳಲೇಬೇಕು. 2005ರಲ್ಲಿ ಪ್ಲೇಆಫ್‌ನಲ್ಲಿ ಬಹ್ರೇನ್ ವಿರುದ್ಧ 1–0ರಿಂದ ಗೆದ್ದಿತು. ಪಂದ್ಯದ ನಡುವೆ ಅವರಿಗೆ ಸಿಕ್ಕ ಪೆನಾಲ್ಟಿಯೊಂದು ಗೋಲಾಯಿತು. ಆದರೆ ಒದೆಯುವ ಮುಂಚೆ ಅವರದೇ ಆಟಗಾರ ಪೆನಾಲ್ಟಿ ಬಾಕ್ಸ್‌ನೊಳಗೆ ನುಗ್ಗಿದ್ದ. ನಿಯಮದ ಪ್ರಕಾರ ಪೆನಾಲ್ಟಿ ಮತ್ತೆ ಒದೆಯಬೇಕು. ರೆಫರಿ ಬಹ್ರೇನ್‌ಗೆ ಫ್ರೀ ಕಿಕ್ ಕೊಟ್ಟುಬಿಟ್ಟರು. ಉಜ್ಬೇಕರು ದೂರು ಕೊಟ್ಟರು. ಫಿಫಾ ಇಡೀ ಪಂದ್ಯವನ್ನೇ ಮತ್ತೆ ಆಡಿ ಅಂದಿತು. ಮರುಪಂದ್ಯ 1–1, ಬಹ್ರೇನ್‌ನಲ್ಲಿ 0–0. ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಬಹ್ರೇನ್ ಮುಂದೆ ಹೋಯಿತು. ಗೆದ್ದ ಪಂದ್ಯದ ಮೇಲೆ ದೂರು ಕೊಟ್ಟು ಅದನ್ನೂ ಕಳೆದುಕೊಂಡರು.

2013ರಲ್ಲಿ ಮತ್ತೆ. ದಕ್ಷಿಣ ಕೊರಿಯಾ ಮತ್ತು ಉಜ್ಬೇಕಿಸ್ತಾನ ಎರಡಕ್ಕೂ 14 ಅಂಕ. ಗೋಲ್ ವ್ಯತ್ಯಾಸ, ಅಂದರೆ ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದ ಲೆಕ್ಕ, ಕೊರಿಯಾಕ್ಕೆ 6, ಇವರಿಗೆ 5. ಒಂದು ಗೋಲು. ಹಾಗಾಗಿ ಪ್ಲೇಆಫ್‌ನಲ್ಲಿ ಜೋರ್ಡನ್ ಎದುರಾಯಿತು. ಎರಡೂ ಪಂದ್ಯ 1–1. ತಾಷ್ಕೆಂಟ್‌ನಲ್ಲಿ ತಮ್ಮದೇ ಜನರೆದುರು ಶೂಟೌಟ್‌ನಲ್ಲಿ 9–8ರಿಂದ ಸೋತರು. ಗೆದ್ದ ಜೋರ್ಡನ್ ಆಮೇಲೆ ಉರುಗ್ವೆಗೆ ಸೋತು ಅದೂ ಹೊರಗುಳಿಯಿತು. ಹನ್ನೆರಡು ವರ್ಷದ ಮೇಲೆ, 2025ರ ಜೂನ್ 5ರಂದು, ಇದೇ ಎರಡು ತಂಡಗಳು ಒಂದೇ ದಿನ ಮೊದಲ ಸಲ ವಿಶ್ವಕಪ್‌ಗೆ ಅರ್ಹತೆ ಪಡೆದವು. ಉಜ್ಬೇಕಿಸ್ತಾನ ಈ ನಡುವೆ ಸುಮ್ಮನೆ ಕೂತಿರಲಿಲ್ಲ. 2018ರಲ್ಲಿ 23 ವರ್ಷದೊಳಗಿನವರ ಏಷ್ಯನ್ ಕಪ್, 2023ರಲ್ಲಿ 20 ವರ್ಷದೊಳಗಿನವರದು ಗೆದ್ದಿತು. ಆ ಹುಡುಗರೇ ಬೆಳೆದು ದೊಡ್ಡವರ ತಂಡಕ್ಕೆ ಬಂದರು.

ಈಗ ನಮ್ಮದು. 2023ರಲ್ಲಿ ಎರಡನೇ ಸುತ್ತಿನ ಗುಂಪುಗಳಿಗೆ ಚೀಟಿ ಎತ್ತಿದಾಗ ಭಾರತ 100ರ ಆಸುಪಾಸಿನ ರ‍್ಯಾಂಕಿಂಗ್‌ನಲ್ಲಿತ್ತು, ರ‍್ಯಾಂಕಿಂಗ್ ನೋಡಿ ತಂಡಗಳನ್ನು ವಿಂಗಡಿಸುವ ‘ಪಾಟ್’ಗಳಲ್ಲಿ ಎರಡನೆಯದರಲ್ಲಿತ್ತು. ಗುಂಪಿನಲ್ಲಿ ಕತಾರ್, ಕುವೈತ್, ಅಫ್ಘಾನಿಸ್ತಾನ. ಕತಾರ್ ಮೊದಲು ಬರುತ್ತದೆ, ಎರಡನೇ ಸ್ಥಾನ ನಮ್ಮದು ಅನ್ನುವುದು ದೂರದ ಆಸೆಯಾಗಿರಲಿಲ್ಲ. ಕುವೈತ್‌ಗೆ ಹೋಗಿ 1–0ರಿಂದ ಗೆದ್ದು ಚೆನ್ನಾಗಿಯೇ ಶುರು ಮಾಡಿದೆವು. ಕೊನೆಯ ಪಂದ್ಯ 2024ರ ಜೂನ್ 11ರಂದು ದೋಹಾದಲ್ಲಿ. ಛಾಂಗ್ಟೆ ಗೋಲಿನಿಂದ ನಾವು ಮುಂದಿದ್ದೆವು. 73ನೇ ನಿಮಿಷ ಚೆಂಡು ಗೆರೆ ದಾಟಿ ಹೊರಗೆ ಹೋಗಿತ್ತು. ಅದನ್ನು ಒಳಗೆಳೆದು ಕತಾರ್ ಗೋಲು ಹೊಡೆಯಿತು. ರೆಫರಿ ಒಪ್ಪಿದರು, ವಿಡಿಯೊ ನೋಡಿ ತೀರ್ಪು ತಿದ್ದುವ ವಿಎಆರ್ ಇರಲಿಲ್ಲ. 2–1ರಿಂದ ಸೋತೆವು. ಆ ಗೋಲಿನ ವಿಡಿಯೊ ನೀವೆಲ್ಲ ನೋಡಿದ್ದೀರಿ, ಅಲ್ವಾ? ಅನ್ಯಾಯ ಆಗಿದ್ದು ನಿಜ.

ಆದರೆ ಅಂಕಪಟ್ಟಿ ತೆಗೆದು ನೋಡಿ. ಕುವೈತ್ 7, ನಾವು 5. ಅದಕ್ಕೂ ಮೂರು ತಿಂಗಳ ಹಿಂದೆ, ಮಾರ್ಚ್‌ನಲ್ಲಿ, ಗುವಾಹಟಿಯಲ್ಲಿ ಅಫ್ಘಾನಿಸ್ತಾನ ಬಂದಿತ್ತು. ಅವರ ಹಲವು ಮುಖ್ಯ ಆಟಗಾರರು ತಮ್ಮ ಫೆಡರೇಷನ್ ಜೊತೆಗಿನ ಜಗಳದಿಂದ ಬಂದಿರಲಿಲ್ಲ. ಸುನೀಲ್ ಛೆಟ್ರಿಯ 150ನೇ ಪಂದ್ಯ, ಅವರ ಪೆನಾಲ್ಟಿಯಿಂದ ನಾವು ಮುಂದೆ. ಕೊನೆಯ ಇಪ್ಪತ್ತು ನಿಮಿಷದಲ್ಲಿ ಎರಡು ಗೋಲು ಬಿಟ್ಟುಕೊಟ್ಟು ಸೋತೆವು. ಅದನ್ನು ಗೆದ್ದಿದ್ದರೆ ನಮಗೆ 8 ಅಂಕ ಆಗುತ್ತಿತ್ತು. ದೋಹಾದಲ್ಲಿ ರೆಫರಿ ಏನೇ ಮಾಡಿದ್ದರೂ ಮೂರನೇ ಸುತ್ತಿಗೆ ಹೋಗುತ್ತಿದ್ದೆವು. ನಮ್ಮ ಕೋಪವೆಲ್ಲ ದೋಹಾದ ಮೇಲೆ. ನನ್ನ ಪ್ರಕಾರ ನಾವು ಕೂತು ಮತ್ತೆ ಮತ್ತೆ ನೋಡಬೇಕಾದ್ದು ಗುವಾಹಟಿಯ ಪಂದ್ಯ.

ಯಾಕೆಂದರೆ ಅದೇ ಮತ್ತೆ ಆಯಿತು. 2027ರ ಏಷ್ಯನ್ ಕಪ್‌ನ ಅರ್ಹತಾ ಸುತ್ತಿಗೆ ನಾವು ಮೊದಲ ಪಾಟ್‌ನಲ್ಲಿದ್ದೆವು. ಗುಂಪಿನಲ್ಲಿ ಹಾಂಗ್‌ಕಾಂಗ್, ಸಿಂಗಪುರ, ಬಾಂಗ್ಲಾದೇಶ. ಮೊದಲು ಬಂದವರಿಗಷ್ಟೇ ಸ್ಥಾನ. ಶಿಲ್ಲಾಂಗ್‌ನಲ್ಲಿ ಬಾಂಗ್ಲಾ ಜೊತೆ 0–0. ಮಡಗಾಂವ್‌ನಲ್ಲಿ ಸಿಂಗಪುರ ಎದುರು ಮುಂದಿದ್ದೂ 2–1ರಿಂದ ಸೋಲು. ಗುಂಪು ಸಿಂಗಪುರದ ಪಾಲಾಯಿತು. ನಮ್ಮದೇ ನೆಲದಲ್ಲಿ ಅಂಕ ಬಿಟ್ಟರೆ ಹೊರಗೆ ಹೋಗಿ ತರಲು ಆಗುವುದಿಲ್ಲ. ಬೆಂಗಳೂರಿನವರಿಗೆ ಇದರ ಇನ್ನೊಂದು ಮುಖವೂ ಗೊತ್ತು. 2017ರ ಅಕ್ಟೋಬರ್ 11ರಂದು ಕಂಠೀರವ ಕ್ರೀಡಾಂಗಣದಲ್ಲಿ ಮಕಾವ್ ಮೇಲೆ 4–1ರಿಂದ ಗೆದ್ದು ಭಾರತ 2019ರ ಏಷ್ಯನ್ ಕಪ್‌ಗೆ ಅರ್ಹತೆ ಪಡೆದಿತ್ತು. ಅದೇ ವರ್ಷದ ಜೂನ್‌ನಲ್ಲಿ, ಅದೇ ಮೈದಾನದಲ್ಲಿ, ಕಿರ್ಗಿಸ್ತಾನವನ್ನು ಛೆಟ್ರಿಯ ಒಂದು ಗೋಲಿನಿಂದ ಸೋಲಿಸಿದ್ದೆವು. ತವರಿನ ಪಂದ್ಯ ಗೆಲ್ಲುವ ತಂಡ ಆಗ ಇತ್ತು.

ಕೊನೆಯದಾಗಿ, ಪತ್ರಿಕೆಗಳಲ್ಲಿ ಸಿಗಬೇಕಾದಷ್ಟು ಜಾಗ ಸಿಗದ ಒಂದು ಸುದ್ದಿ. 2025ರ ಜುಲೈ 5ರಂದು ನಮ್ಮ ಹೆಣ್ಣುಮಕ್ಕಳ ತಂಡ ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನಲ್ಲಿ ಏಷ್ಯನ್ ಕಪ್ ಅರ್ಹತಾ ಸುತ್ತಿನ ಕೊನೆಯ ಪಂದ್ಯ ಆಡಿತು. ಅದಕ್ಕೂ ಮುಂಚೆ ಗೆದ್ದದ್ದು ಮಂಗೋಲಿಯಾ ಮೇಲೆ 13–0, ಟಿಮೋರ್ ಲೆಸ್ಟೆ ಮೇಲೆ 4–0, ಇರಾಕ್ ಮೇಲೆ 5–0. ಉಳಿದದ್ದು ಆತಿಥೇಯ ಥಾಯ್ಲೆಂಡ್. ಎರಡು ವಿಶ್ವಕಪ್ ಆಡಿದ, ರ‍್ಯಾಂಕಿಂಗ್‌ನಲ್ಲಿ ನಮಗಿಂತ ಮೇಲಿದ್ದ ತಂಡ. ಇಲ್ಲೂ ಗುಂಪಿನಿಂದ ಒಬ್ಬರಿಗೆ ಮಾತ್ರ ಸ್ಥಾನ. ಸಂಗೀತಾ ಬಾಸ್ಫೋರ್ ಎರಡು ಗೋಲು ಹೊಡೆದರು. ನಡುವೆ ಥಾಯ್ಲೆಂಡ್ ಸಮ ಮಾಡಿದರೂ ಭಾರತ 2–1ರಿಂದ ಗೆದ್ದಿತು. 2026ರ ಮಹಿಳಾ ಏಷ್ಯನ್ ಕಪ್‌ಗೆ ಹೀಗೆ ಅರ್ಹತಾ ಸುತ್ತು ಆಡಿ ಗೆದ್ದು ಹೋಗಿದ್ದು ನಮ್ಮ ಇತಿಹಾಸದಲ್ಲೇ ಮೊದಲು. ಆ ಏಷ್ಯನ್ ಕಪ್ಪೇ 2027ರ ಮಹಿಳಾ ವಿಶ್ವಕಪ್‌ಗೆ ಏಷ್ಯಾದ ಅರ್ಹತಾ ಟೂರ್ನಿ. ಆಯ್ಕೆಯಾದ ಹನ್ನೆರಡು ತಂಡಗಳಲ್ಲಿ ಭಾರತವೂ ಒಂದು.

ನಿಮ್ಮ ಪ್ರಶ್ನೆಗಳನ್ನು ಕೇಳಿ. ನಮಸ್ಕಾರ.