ಬೇಜಾರು ಅಂದರೆ ಯಾವ ಬೇಜಾರು?

ಎಲ್ಲರಿಗೂ ನಮಸ್ಕಾರ. ಭಾನುವಾರ ಮಧ್ಯಾಹ್ನದ ನಿದ್ದೆ ಬಿಟ್ಟು ಬಂದಿದ್ದೀರಿ, ಅದಕ್ಕೇ ಮೊದಲು ಥ್ಯಾಂಕ್ಸ್.

ಮಕ್ಕಳ ಬಾಯಲ್ಲಿ ‘ದುಃಖ’ ಅನ್ನುವ ಮಾತು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಅವರು ಹೇಳುವುದು ‘ಬೇಜಾರು’. ಆಡೋಕೆ ಯಾರೂ ಇಲ್ಲದಿದ್ದರೂ ಬೇಜಾರು, ಗೆಳೆಯ ಟೂ ಬಿಟ್ಟರೂ ಬೇಜಾರು, ಅಜ್ಜಿ ತೀರಿಕೊಂಡರೂ ಬೇಜಾರೇ. ನಾವು ಮೊದಲನೆಯದು ಅಂದುಕೊಂಡು ಕೈಗೆ ಮೊಬೈಲ್ ಕೊಟ್ಟುಬಿಡುತ್ತೇವೆ. ಕೆಲವು ಮಕ್ಕಳಿಗೆ ಆ ಪದವೂ ಸಿಗುವುದಿಲ್ಲ. ಹೊಟ್ಟೆನೋವು ಅನ್ನುತ್ತವೆ, ತಂಗಿಗೆ ಸುಮ್‌ಸುಮ್ನೆ ಹೊಡೆಯುತ್ತವೆ. ಆ ಹೊಟ್ಟೆನೋವು ನಾಟಕವಲ್ಲ, ನಿಜವಾಗಿಯೂ ನೋಯುತ್ತದೆ.

ಅಳುವ ಮಗುವಿನ ಹತ್ತಿರ ಯಾರಾದರೂ ಓಡಿಬರುತ್ತಾರೆ. ನನಗೆ ಚಿಂತೆ, ಅಳು ನಿಲ್ಲಿಸಿದ ಮಗುವಿನದು.

ಲಂಡನ್ನಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಅಂತ, ಮಕ್ಕಳ ಮನಸ್ಸಿನ ಬಗ್ಗೆ ಅಧ್ಯಯನ ಮಾಡುತ್ತಿದ್ದ ಒಬ್ಬರಿದ್ದರು. ಆಗಿನ ಇಂಗ್ಲೆಂಡಿನಲ್ಲಿ ಮಗು ಆಸ್ಪತ್ರೆ ಸೇರಿದರೆ ತಾಯಿ ಜೊತೆಗಿರುವಂತಿರಲಿಲ್ಲ. ಎಷ್ಟೋ ಕಡೆ ವಾರಕ್ಕೊಮ್ಮೆ ನೋಡಲು ಬಿಟ್ಟರೆ ಅದೇ ಜಾಸ್ತಿ. ತಾಯಿ ಬಂದರೆ ಮಗು ಅಳುತ್ತದೆ, ಬರದಿದ್ದರೆ ಹೊಂದಿಕೊಳ್ಳುತ್ತದೆ ಅನ್ನುವುದು ವಾರ್ಡಿನವರ ಲೆಕ್ಕ. ರಾಬರ್ಟ್‌ಸನ್ ವಾರ್ಡಿನಲ್ಲೇ ಕೂತು ನೋಡಿದರು. ಮಗು ಮೊದಲು ಕಿರುಚಿ ಅಳುತ್ತದೆ. ಆಮೇಲೆ ಸಪ್ಪಗಾಗುತ್ತದೆ. ಕೊನೆಗೆ ಕೊಟ್ಟಿದ್ದು ತಿನ್ನುತ್ತದೆ, ನರ್ಸನ್ನು ನೋಡಿ ನಗುತ್ತದೆ. ತಾಯಿ ಬಂದರೆ ಮಾತ್ರ ಮುಖ ತಿರುಗಿಸುತ್ತದೆ. ‘ಹೊಂದಿಕೊಂಡಿತು’ ಅಂತ ವಾರ್ಡಿನವರು ಹೇಳುತ್ತಿದ್ದದ್ದು ಇದನ್ನೇ.

ಬಾಯಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. 1952ರಲ್ಲಿ ಅವರು ಸಿನಿಮಾ ಮಾಡಿ ತೋರಿಸಿದರು. ಎರಡೂವರೆ ವರ್ಷ ತುಂಬದ ಹುಡುಗಿ, ಹರ್ನಿಯಾ ಆಪರೇಷನ್, ಆಸ್ಪತ್ರೆಯಲ್ಲಿ 8 ದಿನ. ಬೇಕಾದ್ದನ್ನಷ್ಟೇ ಆರಿಸಿದ್ದೀರಿ ಅನ್ನಬಾರದಲ್ಲ, ಅದಕ್ಕೆ ಗೋಡೆ ಗಡಿಯಾರವೂ ಕಾಣುವ ಹಾಗೆ ಶೂಟ್ ಮಾಡಿದರು. ಹುಡುಗಿ ರಂಪ ಮಾಡುವುದೇ ಇಲ್ಲ. ಗೊಂಬೆ, ಕಂಬಳಿ ತಬ್ಬಿಕೊಂಡು ಅಮ್ಮನನ್ನು ಕೇಳುತ್ತಾಳೆ. ಅಳು ಬಂದರೆ ನುಂಗಿಕೊಳ್ಳುತ್ತಾಳೆ. ಇದನ್ನು ನೋಡಿ ಎಷ್ಟೋ ಡಾಕ್ಟರುಗಳು ರೇಗಿದರು. ಆದರೆ 1959ರಲ್ಲಿ ಸರ್ಕಾರ ನೇಮಿಸಿದ್ದ ಪ್ಲಾಟ್ ಸಮಿತಿಯೇ, ಅಪ್ಪ ಅಮ್ಮ ಬಂದು ನೋಡಲು ಹೊತ್ತಿನ ಕಟ್ಟು ಬೇಡ ಅಂದಿತು. ನಮ್ಮಲ್ಲಿ ಮಗುವಿನ ಮಂಚದ ಕೆಳಗೆ ಚಾಪೆ ಹಾಸಿ ಮಲಗುವ ತಾಯಂದಿರನ್ನು ‘ಶಿಸ್ತೇ ಇಲ್ಲ’ ಅಂತ ಬೈಯುತ್ತೇವೆ. ಅವರು ಯಾವ ಸಿನಿಮಾನೂ ನೋಡಿರಲಿಲ್ಲ, ಪಾಪ.

ವಾರಗಟ್ಟಲೆ ಊಟ, ನಿದ್ದೆ, ಆಟ ಎಲ್ಲ ಬಿಟ್ಟ ಮಗುವನ್ನು ಡಾಕ್ಟರಿಗೆ ತೋರಿಸಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಇಷ್ಟೆಲ್ಲ ಹೇಳುವ ನಾನೇನು ಮಾಡಿದೆ ಗೊತ್ತಾ? ನಮ್ಮಪ್ಪ ಹೋದಾಗ ಮಗನಿಗೆ ಐದು ವರ್ಷ. ‘ತಾತ ಊರಿಗೆ ಹೋಗಿದ್ದಾರೆ’ ಅಂದುಬಿಟ್ಟೆ. ಮೂರನೇ ದಿನ ಅವನು ಅಂಗಳದಲ್ಲಿ ಆಡುತ್ತಿದ್ದ. ಬಂದವರೆಲ್ಲ ‘ಮಕ್ಕಳಿಗೇನು ಗೊತ್ತಾಗುತ್ತೆ’ ಅಂದರು. ನನಗೂ ಹಗುರಾಯಿತು.

ತಿಂಗಳಾದ ಮೇಲೆ ಬಾಗಿಲ ಪಕ್ಕದ ಅಪ್ಪನ ಚಪ್ಪಲಿ ತೆಗೆಯಲು ಹೋದೆ. ಹುಡುಗ ಓಡಿಬಂದು ಕಿತ್ತುಕೊಂಡ. ‘ತಾತ ಬಂದಾಗ ಏನ್ ಹಾಕ್ಕೋಬೇಕು?’

ಸಾವು ಅಂದರೆ ತಿರುಗಿ ಬರುವುದಿಲ್ಲ ಅನ್ನುವುದು ಆ ವಯಸ್ಸಿಗೆ ಇನ್ನೂ ಸರಿಯಾಗಿ ತಿಳಿದಿರುವುದಿಲ್ಲ. ಅದರ ಮೇಲೆ ಊರಿಗೆ ಹೋಗಿದ್ದಾರೆ ಅಂದರೆ? ಊರಿಗೆ ಹೋದವರು ಬರಲೇಬೇಕಲ್ವಾ? ಅವನು ಒಂದು ತಿಂಗಳಿಂದ ಕಾಯುತ್ತಿದ್ದ.

ಹೊಸ್ತಿಲ ಹತ್ತಿರ ಕೂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಬಿಕ್ಕಿ ಬಿಕ್ಕಿ ಅತ್ತ. ‘ಅಳಬೇಡ ಕಣೋ’ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು, ತಡೆದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ನನ್ನ ಮುಖ ನೋಡಿ, ‘ಅಪ್ಪ, ನಿಂಗೂ ಬೇಜಾರಾ?’ ಅಂದ. ಹೂಂ ಅಂದೆ. ಚಪ್ಪಲಿಯನ್ನು ಜೋಡಿಸಿ ಮತ್ತೆ ಅಲ್ಲೇ ಇಟ್ಟ. ಮಳೆಗಾಲ ಮುಗಿಯುವವರೆಗೂ ಅದು ಅಲ್ಲೇ ಇತ್ತು.